ನಲವತ್ತೊಂದನೆಯ ಅರ್ಜಿ

ಸರಕಾರಿ ಕಾನೂನು ಕಾಲೇಜಿಗೆ ಸೇರಬಯಸುವವರು ಎಲ್ಲಕ್ಕಿಂತ ಮೊದಲು ತಿಳಿದಿರಬೇಕಾದ ಸಂಗತಿ ಒಂದಿದೆ. ಅದರ ಗೇಟಿನ ಎದುರು, ರಸ್ತೆಯ ಆಚೆ ಬದಿಯಲ್ಲಿ, ಒಬ್ಬ ದರ್ಜಿ ಇದ್ದಾನೆ. ಕಾಲೇಜಿನ ಪ್ರಿನ್ಸಿಪಾಲರು ಎರಡು ವರ್ಷಕ್ಕೊಮ್ಮೆ ವರ್ಗವಾಗುತ್ತಾರೆ, ಪಠ್ಯ ಐದು ವರ್ಷಕ್ಕೊಮ್ಮೆ ಬದಲಾಗುತ್ತದೆ, ಕಾನೂನಿಗೇ ಆಗಾಗ ತಿದ್ದುಪಡಿ ಬೀಳುತ್ತದೆ. ದರ್ಜಿ ಮಾತ್ರ ಇಪ್ಪತ್ತೆಂಟು ವರ್ಷದಿಂದ ಅದೇ ಮಿಷನ್ನಿನ ಮುಂದೆ, ಅದೇ ಸ್ಟೂಲಿನ ಮೇಲೆ ಕೂತು ವಕೀಲರ ಕರಿ ಗೌನು ಹೊಲಿಯುತ್ತಿದ್ದಾನೆ. ಎಲ್ಲರೂ ಅವನನ್ನು ಕರೆಯುವುದು ಗೌನಣ್ಣ ಎಂದು.

ಗೌನು ಹೊಲಿಯುವುದೆಂದರೆ ಅಂಗಿ ಹೊಲಿದಂತಲ್ಲ. ಅದರ ಜೀವವೆಲ್ಲ ಬೆನ್ನಿನ ನೆರಿಗೆಯಲ್ಲಿದೆ. ಇಸ್ತ್ರಿ ಮಾಡಿದ ಮೇಲೆ ಮಡಚಿದರೆ ನೆರಿಗೆ ಸತ್ತಂತೆಯೇ. ಹಾಗಾಗಿ ಗೌನಣ್ಣ ಒಂದು ಪದ್ಧತಿ ಇಟ್ಟುಕೊಂಡಿದ್ದ: ಸಿದ್ಧವಾದ ಗೌನನ್ನು ತಾನೇ ತೊಟ್ಟುಕೊಂಡು ಹೋಗಿ ಗಿರಾಕಿಗೆ ತಲುಪಿಸುವುದು. ಯಾರಾದರೂ ಕೇಳಿದರೆ, "ಮನುಷ್ಯನ ಭುಜಕ್ಕಿಂತ ಒಳ್ಳೇ ಹ್ಯಾಂಗರ್ ಇನ್ನೂ ಯಾರೂ ಮಾಡಿಲ್ಲ" ಎನ್ನುತ್ತಿದ್ದ. ಮಾತು ನಿಜವೇ. ಆದರೆ ವಕೀಲರ ಕಚೇರಿಗಳಿರುವುದು ಅಂಗಡಿಯಿಂದ ನೂರು ಹೆಜ್ಜೆ ದೂರದಲ್ಲಿ. ಗೌನಣ್ಣ ಮಾರುಕಟ್ಟೆ, ಅಂಚೆ ಕಚೇರಿ, ಆಸ್ಪತ್ರೆ ಎಲ್ಲ ಸುತ್ತಿಕೊಂಡು ಮುಕ್ಕಾಲು ಗಂಟೆ ತೆಗೆದುಕೊಂಡು ಅಲ್ಲಿಗೆ ಮುಟ್ಟುತ್ತಿದ್ದ. ಇದಕ್ಕೆ ನೆರಿಗೆ ಕಾರಣವಲ್ಲ.

ಕಾರಣ ಹಳೆಯದು. ಪದವಿ ಮುಗಿಸಿದ ವರ್ಷ ಅವನಿಗೆ ಇದೇ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಅದೇ ವಾರ ಅವನ ಅಪ್ಪನ ಬಲಗೈ ನಡುಗಲು ಶುರುವಾಯಿತು. "ಒಂದೇ ಒಂದು ವರ್ಷ ಮಿಷನ್ ಮುಂದೆ ಕೂತ್ಕೋ ಮಗ, ಕೈ ಸರಿಯಾದ ಮೇಲೆ ನೀನು ಓದೋಕೆ ಹೋಗು" ಎಂದರು ಅಪ್ಪ. ಅಪ್ಪ ಹೋಗಿ ಹತ್ತೊಂಬತ್ತು ವರ್ಷವಾಯಿತು. ಆ ಒಂದು ವರ್ಷ ಮಾತ್ರ ಇನ್ನೂ ಮುಗಿದಿರಲಿಲ್ಲ.

ಈ ಸಲ ಕಾಲೇಜಿನವರು ಕೆಲಸದಲ್ಲಿರುವವರಿಗಾಗಿ ಸಂಜೆ ತರಗತಿ ತೆರೆದರು. ಐದರಿಂದ ಏಳೂವರೆ. ನಲವತ್ತು ಸೀಟು. ಪದವಿಯೊಂದಿದ್ದರೆ ಸಾಕು, ವಯಸ್ಸಿನ ಮಿತಿ ಇಲ್ಲ, ಅರ್ಜಿ ಬಂದ ಕ್ರಮದಲ್ಲೇ ಸೀಟು. ಗೌನಣ್ಣ ಆ ಪ್ರಕಟಣೆಯನ್ನು ಎಷ್ಟು ಸಲ ಓದಿದನೆಂದರೆ, ನೋಟಿಸ್ ಬೋರ್ಡಿನ ಎದುರು ನಿಂತು ನಿಂತು ಕಾವಲುಗಾರನಿಗೆ ಅನುಮಾನ ಬಂತು. ಅರ್ಜಿ ತಂದ, ತುಂಬಿದ. ಫೋಟೋ ಬೇಕಿತ್ತು. ಸ್ಟುಡಿಯೋಗೆ ಹೋಗುವಾಗ ಮೈಮೇಲೆ ಗಿರಾಕಿಯೊಬ್ಬರ ಗೌನು ಇತ್ತು. ಬಿಚ್ಚಬೇಕು ಅಂದುಕೊಂಡ, ಬಿಚ್ಚಲಿಲ್ಲ. ಫೋಟೋದಲ್ಲಿ ಥೇಟ್ ನ್ಯಾಯಾಧೀಶನ ಹಾಗೆ ಬಂದಿದ್ದ.

ಹೆಂಡತಿ ಆ ಫೋಟೋ ನೋಡಿ ಹೇಳಿದ್ದು ಒಂದೇ ಮಾತು: "ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ."

ಪಕ್ಕದ ಮನೆಯಲ್ಲೇ ಇರುವ ಅವಳ ತಮ್ಮ, ಅಂದರೆ ಭಾವಮೈದ, ಇನ್ನೂ ಮುಂದೆ ಹೋದ. "ಭಾವ, ಐವತ್ತೊಂದನೇ ವಯಸ್ಸಲ್ಲಿ ಕಾನೂನು ಓದಿ ಯಾರ ಮೇಲೆ ಕೇಸ್ ಹಾಕ್ತೀರಿ?"

"ನಿನ್ನ ಮೇಲೇ ಶುರು ಮಾಡ್ತೀನಿ. ನನ್ನ ಬಟ್ಟೆ ಕತ್ತರೀಲಿ ತಗಡು ಕತ್ತರಿಸಿದ್ದು ಯಾರು?"

ಬಾಯಿ ಹೀಗೆ ಜೋರಿದ್ದರೂ ಕಾಲು ಮಾತು ಕೇಳಲಿಲ್ಲ. ಅರ್ಜಿ ಹಿಡಿದು ಒಂಬತ್ತು ದಿನ ಕಾಲೇಜಿನ ಗೇಟಿನವರೆಗೆ ಹೋದ, ಒಂಬತ್ತು ದಿನವೂ ಕಾವಲುಗಾರನ ಯೋಗಕ್ಷೇಮ ವಿಚಾರಿಸಿ ವಾಪಸು ಬಂದ. ಹತ್ತನೆಯದು ಕೊನೆಯ ದಿನ. ಮಧ್ಯಾಹ್ನ ಒಂದಕ್ಕೆ ಕೌಂಟರ್ ಮುಚ್ಚುತ್ತದೆ.

ಅದೇ ದಿನ ಕಾಲೇಜಿನಲ್ಲಿ ಹೊಸಬರಿಗೂ ಅವರ ಮನೆಯವರಿಗೂ ಮಾಹಿತಿ ಕೊಡುವ ಸಭೆ ಇತ್ತು. ಹಿಂದಿನ ವಾರವಷ್ಟೇ ವರ್ಗವಾಗಿ ಬಂದಿದ್ದ ಪ್ರಿನ್ಸಿಪಾಲರು ಸಭೆಗೆಂದು ಹೊಸ ಗೌನು ಹೊಲಿಸಿದ್ದರು. ಗೌನಣ್ಣ ಅದನ್ನು ತೊಟ್ಟು, ಅರ್ಜಿಯನ್ನು ಅಂಗಿಯ ಜೇಬಿಗೆ ಸೇರಿಸಿ ರಸ್ತೆ ದಾಟಿದ. ಒಂದೇ ಸಲಕ್ಕೆ ಎರಡು ಕೆಲಸ ಮುಗಿಸುವ ಲೆಕ್ಕಾಚಾರ. ಅಂಗಳದಲ್ಲಿ ಇನ್ನೂರು ಜನರಿದ್ದರು. ರಜೆಯ ಕಾಲವಾದ್ದರಿಂದ ಹಳೆಯ ವಿದ್ಯಾರ್ಥಿಗಳು, ಅಂದರೆ ಅವನನ್ನು ಬಲ್ಲವರು, ಒಬ್ಬರೂ ಇರಲಿಲ್ಲ.

"ಸಾರ್, ಇಲ್ಲಿ ಲೈಬ್ರರಿ ಎಷ್ಟು ಗಂಟೆಗೆ ತೆಗೀತಾರೆ?" ಒಬ್ಬರು ಕೇಳಿದರು.

ಅವನಿಗೆ ಗೊತ್ತಿತ್ತು. ಗೊತ್ತಿದ್ದದ್ದನ್ನು ಹೇಳಿದ. ಗೊತ್ತಿದ್ದದ್ದನ್ನು ಹೇಳಿದ್ದೇ ಅವನು ಮಾಡಿದ ತಪ್ಪು. ನಿಮಿಷದೊಳಗೆ ಅವನ ಸುತ್ತ ಬೆಲ್ಲಕ್ಕೆ ಇರುವೆ ಮುತ್ತಿದಂತೆ ಜನ. ಅಷ್ಟರಲ್ಲಿ, ಹಿಂದಿನ ದಿನ ಕೆಲಸಕ್ಕೆ ಸೇರಿದ್ದ ಹಂಗಾಮಿ ಅಧ್ಯಾಪಕನೊಬ್ಬ ಓಡಿ ಬಂದ. ಪ್ರಿನ್ಸಿಪಾಲರನ್ನು ಕರೆತರುವ ಕೆಲಸ ಅವನದು, ಆದರೆ ಅವರ ಮುಖವನ್ನೇ ನೋಡಿದವನಲ್ಲ.

"ಸಾರ್, ಇಲ್ಲಿದೀರಾ! ನಿಮ್ಮನ್ನ ಎಲ್ಲಾ ಕಡೆ ಹುಡುಕ್ತಿದೀನಿ."

"ನನ್ನನ್ನಾ? ನಾನೂ ಪ್ರಿನ್ಸಿಪಾಲರನ್ನೇ ಹುಡುಕ್ತಿದೀನಿ. ಈ ಗೌನು..."

"ತುಂಬಾ ಚೆನ್ನಾಗಿದೆ ಸಾರ್, ಬನ್ನಿ."

ಹೊಗಳಿಕೆ ಕೇಳಿದ ದರ್ಜಿಯನ್ನು ಎಲ್ಲಿಗೆ ಬೇಕಾದರೂ ಕರೆದುಕೊಂಡು ಹೋಗಬಹುದು. ಗೌನಣ್ಣ ನೆರಿಗೆಯ ಬಗ್ಗೆ ವಿವರಿಸುತ್ತ ವಿವರಿಸುತ್ತ ಸಭಾಂಗಣದ ವೇದಿಕೆ ಹತ್ತಿದ, ಅಂಗಳದ ಜನವೆಲ್ಲ ಹಿಂದೆಯೇ ಬಂದು ಕೂತರು. ಮೈಕು ಮೂಗಿನ ಮುಂದೆ ಬಂದಾಗಲೇ ತಾನೆಲ್ಲಿದ್ದೇನೆ ಎಂಬುದು ತಿಳಿದದ್ದು. ಎದುರಿಗೆ ಇನ್ನೂರು ಮುಖ, ಗೋಡೆಯ ಮೇಲೆ ದೊಡ್ಡ ಗಡಿಯಾರ. ಹನ್ನೆರಡೂ ಇಪ್ಪತ್ತು.

"ನೋಡಿ," ಎಂದ ಅವನು. "ನಾನು ನೀವಂದ್ಕೊಂಡಷ್ಟು ದೊಡ್ಡ ಮನುಷ್ಯ ಅಲ್ಲ."

ಎಂಥ ವಿನಯ ಎಂದು ಚಪ್ಪಾಳೆ ಬಿತ್ತು.

ಇನ್ನು ದಾರಿ ಇರಲಿಲ್ಲ. ಗೌನಣ್ಣ ಇಪ್ಪತ್ತೆಂಟು ವರ್ಷ ರಸ್ತೆಯ ಆಚೆಯಿಂದ ಕಂಡದ್ದನ್ನೆಲ್ಲ ಹೇಳತೊಡಗಿದ. "ಇಲ್ಲಿ ಫೀಸು ಕಡಿಮೆ. ಫೀಸು ಕಡಿಮೆ ಅಂತ ಓದೂ ಕಡಿಮೆ ಅಂದ್ಕೋಬೇಡಿ. ಲೈಬ್ರರೀಲಿ ಒಂದೊಂದು ಪುಸ್ತಕಕ್ಕೂ ನಾಲ್ಕೇ ಪ್ರತಿ, ಕಾಯೋರು ನಲವತ್ತು ಜನ. ಬಾಗಿಲು ತೆಗೆಯೋಕೆ ಮುಂಚೆ ಬಂದು ಮೆಟ್ಟಿಲ ಮೇಲೆ ಕೂತ್ಕೊಳ್ಳಿ. ಮೆಟ್ಟಿಲ ಮೇಲೆ ಕೂತಿದ್ದೋರೆಲ್ಲ ಆಮೇಲೆ ದೊಡ್ಡ ಕುರ್ಚಿ ಮೇಲೆ ಕೂತಿದ್ದು ನಾನು ನೋಡಿದೀನಿ. ಮೇಷ್ಟ್ರು ವರ್ಷದ ಮಧ್ಯದಲ್ಲಿ ವರ್ಗ ಆಗ್ತಾರೆ, ಅಳಬೇಡಿ, ಇನ್ನೊಬ್ಬರು ಬರ್ತಾರೆ. ಶನಿವಾರ ಹಿಂದುಗಡೆ ಕೋಣೇಲಿ ಬಡವರಿಗೆ ಬಿಟ್ಟಿ ಸಲಹೆ ಕೊಡ್ತಾರೆ, ಅಲ್ಲಿಗೆ ತಪ್ಪದೆ ಹೋಗಿ. ಪುಸ್ತಕದಲ್ಲಿರೋ ಕಷ್ಟ ಅಲ್ಲಿ ಕಣ್ಣೀರು ಹಾಕ್ಕೊಂಡು ಎದುರಿಗೆ ಕೂತಿರುತ್ತೆ. ಇನ್ನೊಂದು ಮಾತು. ಮೊದಲನೇ ವರ್ಷ ಬಂದೋರ ಭುಜ ಕಿವಿ ಹತ್ರ ಇರುತ್ತೆ, ಅಷ್ಟು ಹೆದರಿಕೆ. ಕೊನೇ ವರ್ಷ ಗೌನಿಗೆ ಅಳತೆ ತಗೊಳ್ಳೋವಾಗ ಅದೇ ಭುಜ ಒಂದು ಬೆರಳು ಇಳಿದಿರುತ್ತೆ. ವಿದ್ಯೆ ಅಂದ್ರೆ ಆ ಒಂದು ಬೆರಳು."

ಸಭೆ ಉಸಿರು ಬಿಡದೆ ಕೇಳಿತು. ಹಿಂದಿನ ಸಾಲಿನಿಂದ ಬಸ್ ಕಂಡಕ್ಟರ್ ಸಮವಸ್ತ್ರದ ಹೆಂಗಸೊಬ್ಬಳು ಎದ್ದು ನಿಂತಳು. ದಿನವಿಡೀ ಬಸ್ಸಿನಲ್ಲಿ ಕೂಗುವವಳಾದ್ದರಿಂದ ಅವಳಿಗೆ ಮೈಕು ಬೇಕಾಗಲಿಲ್ಲ.

"ಸಾರ್, ನಾನು ಬಂದಿದ್ದು ಮಗಳ ಸೀಟಿನ ವಿಷಯ ಕೇಳೋಕೆ. ಅವಳು ಬೇಡ ಅಂತ ಮುಖ ತಿರುಗಿಸ್ಕೊಂಡು ಕೂತಿದಾಳೆ. ಸಂಜೆ ಕ್ಲಾಸಿಗೆ... ನನ್ನಂಥೋರು ಸೇರಬಹುದಾ? ಡಿಗ್ರಿ ಏನೋ ಇದೆ, ಆದ್ರೆ ನನಗೆ ನಲವತ್ತಾರು. ಜನ ನಗಲ್ವಾ?"

ತಾನು ಹತ್ತು ದಿನದಿಂದ ಯಾರನ್ನಾದರೂ ಕೇಳಬೇಕೆಂದು ಒದ್ದಾಡುತ್ತಿದ್ದ ಪ್ರಶ್ನೆಯನ್ನು ಬೇರೆಯವರು ತನ್ನನ್ನೇ ಕೇಳಿದಾಗ ಗೌನಣ್ಣ ಜೇಬಿನ ಅರ್ಜಿಯನ್ನು ಮುಟ್ಟಿ ನೋಡಿಕೊಂಡ. "ನಗ್ತಾರೆ," ಎಂದ. "ನಕ್ಕು ಸುಸ್ತಾಗ್ತಾರೆ. ನೀವು ಅಷ್ಟರಲ್ಲಿ ಪಾಸಾಗಿರ್ತೀರಿ. ಒಂದು ಗಂಟೆಗೆ ಕೌಂಟರ್ ಮುಚ್ಚುತ್ತೆ, ಈಗಲೇ ಅರ್ಜಿ ತಗೊಳ್ಳಿ."

ಈ ಹೊತ್ತಿಗೆ ನಿಜವಾದ ಪ್ರಿನ್ಸಿಪಾಲರು ತಮ್ಮ ಕೋಣೆಯಲ್ಲಿ ಕಾದು ಕಾದು, ಬರೀ ಅಂಗಿಯಲ್ಲೇ ಸಭಾಂಗಣದ ಬಾಗಿಲಿಗೆ ಬಂದಿದ್ದರು. ಹಂಗಾಮಿ ಅಧ್ಯಾಪಕ ಅವರನ್ನು ತಡೆದ. "ಶ್! ಪ್ರಿನ್ಸಿಪಾಲರು ಮಾತಾಡ್ತಿದಾರೆ. ಹಿಂದೆ ನಿಂತ್ಕೊಳ್ಳಿ."

"ನಾನು ಕಣ್ರೀ ಪ್ರಿನ್ಸಿಪಾಲ್!"

"ಹಾಗಾದ್ರೆ ಗೌನೆಲ್ಲಿ?"

ಪ್ರಿನ್ಸಿಪಾಲರು ಎರಡೂ ಕೈ ಚಾಚಿಕೊಂಡು ವೇದಿಕೆಯ ಕಡೆ ನುಗ್ಗಿದರು. "ನನ್ನ ಗೌನು! ಕೊಡಯ್ಯಾ ನನ್ನ ಗೌನು!"

ಮೊದಲ ಸಾಲಿನ ಅಜ್ಜ ಪಕ್ಕದವರಿಗೆ ವಿವರಿಸಿದರು: "ಅವನು ದರ್ಜಿ ಇರಬೇಕು. ಪಾಪ, ಹೊಲಿದ ದುಡ್ಡು ಬಂದಿಲ್ಲ ಅಂತ ಕಾಣುತ್ತೆ."

ಗೌನಣ್ಣ ಓಡಲಿಲ್ಲ. ಎಷ್ಟಾದರೂ ಕಸುಬು ಕಸುಬೇ. ಗೌನನ್ನು ಮೆತ್ತಗೆ ಬಿಚ್ಚಿ, ಇನ್ನೂರು ಜನರ ಎದುರು ಪ್ರಿನ್ಸಿಪಾಲರ ಹೆಗಲಿಗೇರಿಸಿ, ಬೆನ್ನ ಹಿಂದೆ ನಿಂತು ನೆರಿಗೆ ಸವರಿ, "ಕೈ ಎತ್ತಿ ನೋಡಿ ಸಾರ್, ಕಂಕುಳಲ್ಲಿ ಬಿಗಿ ಇಲ್ಲ ತಾನೆ?" ಎಂದು ಕೇಳಿದ. ಬೈಯಲು ಬಾಯಿ ತೆರೆದಿದ್ದ ಪ್ರಿನ್ಸಿಪಾಲರು ಕೈ ಎತ್ತಿ ನೋಡಿದರು. ಬಿಗಿ ಇರಲಿಲ್ಲ. ಅವರು ಕೈ ಇಳಿಸುವುದರೊಳಗೆ ದರ್ಜಿ ಕೌಂಟರಿನ ಸಾಲಿನಲ್ಲಿದ್ದ. ಅವನ ಹಿಂದೆ, ಗುರುತಿನ ಚೀಟಿಯ ಫೋಟೋ ಕಿತ್ತು ಅಂಟಿಸಿದ ಅರ್ಜಿ ಹಿಡಿದು, ಕಂಡಕ್ಟರಮ್ಮ. ಅವಳಿಗೆ ಈಗ ಎಲ್ಲ ಅರ್ಥವಾಗಿತ್ತು.

"ನೀವು ದರ್ಜಿನಾ?" ಎಂದಳು.

"ಹೌದು."

"ಪರವಾಗಿಲ್ಲ ಅಣ್ಣ. ಹೇಳಿದ್ದು ನಿಜಾನೇ ಇತ್ತು."

ಕೌಂಟರಿನ ಗುಮಾಸ್ತ ಅರ್ಜಿಯನ್ನು ಕನ್ನಡಕದ ಮೇಲಿನಿಂದ ನೋಡಿದ. ಕೆಳಗಿನಿಂದ ನೋಡಿದ. "ಇದು ಯಾರ ಅರ್ಜಿ?"

"ನಂದೇ."

"ಫೋಟೋದಲ್ಲಿರೋರು ವಕೀಲರಲ್ವಾ?"

"ಅದೂ ನಾನೇ."

"ಗೌನಣ್ಣ, ಗೌನು ಹಾಕ್ಕೊಳ್ಳೋಕೆ ಕಾನೂನು ಓದಬೇಕು. ಕಾನೂನು ಓದೋಕೆ ಈ ಅರ್ಜಿ. ಅರ್ಜೀಲೇ ಗೌನು ಹಾಕ್ಕೊಂಡ್ರೆ ನಾನು ನಿಮ್ಮನ್ನ ಸೇರಿಸ್ಕೊಳ್ಳಲಾ, ಬೀಳ್ಕೊಡಲಾ? ಬೇರೆ ಫೋಟೋ ತನ್ನಿ. ಮುಂದಿನೋರು ಬನ್ನಿ."

ಗೋಡೆಯ ಗಡಿಯಾರದಲ್ಲಿ ಒಂದಕ್ಕೆ ಆರು ನಿಮಿಷ. ಗೌನಣ್ಣ ಪಕ್ಕಕ್ಕೆ ಸರಿದು ಜೇಬಿನಿಂದ ಕತ್ತರಿ ತೆಗೆದ. ಕಾಗದಕ್ಕೆ ತಾಕಿಸಿದರೆ ಮನೆಯವರನ್ನೂ ಬಿಡದೆ ಬೈಯುತ್ತಿದ್ದ ಅದೇ ಕತ್ತರಿ. ಫೋಟೋ ಕಿತ್ತು, ಕರಿ ಬಣ್ಣ ಇರುವಷ್ಟನ್ನೂ ಕತ್ತರಿಸಿದ. ಗೌನು ಹೋಯಿತು, ಭುಜ ಹೋಯಿತು, ಕತ್ತು ಹೋಯಿತು. ಉಳಿದದ್ದು ಅಂಚೆ ಚೀಟಿಯಷ್ಟು ತಲೆ. ಅದನ್ನು ಅಂಟಿಸಿ ತಿರುಗುವಷ್ಟರಲ್ಲಿ ಕಂಡಕ್ಟರಮ್ಮನ ಅರ್ಜಿಯ ಮೇಲೆ ಗುಮಾಸ್ತ ಮೊಹರು ಒತ್ತಿದ್ದ. ನಲವತ್ತು. ಅವಳು ಮಗಳಿಗೆ ಹೇಳಲು ಓಡಿದ ಮೇಲೆ ಗೌನಣ್ಣನದರ ಮೇಲೆ ಒತ್ತಿದ. ನಲವತ್ತೊಂದು.

ಸೀಟುಗಳು ನಲವತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದು ಇದಕ್ಕೇ.

ನೋಟಿಸ್ ಬೋರ್ಡಿನಲ್ಲಿ ಪಟ್ಟಿ ಬಿತ್ತು. ಕಾಯುವವರ ಪಟ್ಟಿಯಲ್ಲಿ ಒಂದೇ ಹೆಸರು, ಗೌನಣ್ಣನದು, ಅದೂ ಯಾರೂ ಕರೆಯದ ಅವನ ದಾಖಲೆಯ ಹೆಸರು. ತರಗತಿ ಶುರುವಾದ ಒಂದು ತಿಂಗಳೊಳಗೆ ಯಾರಾದರೂ ಬಿಟ್ಟುಹೋದರೆ ಆ ಜಾಗ ಅವನಿಗೆ. ಇಲ್ಲವಾದರೆ ಇಲ್ಲ. ಮುಂದಿನ ವರ್ಷ ಸಂಜೆ ತರಗತಿ ನಡೆಯುತ್ತದೆಯೋ ಇಲ್ಲವೋ ಪ್ರಿನ್ಸಿಪಾಲರಿಗೂ ಗೊತ್ತಿರಲಿಲ್ಲ.

ವಿಚಿತ್ರವೆಂದರೆ, ಅದುವರೆಗೆ ನಗುತ್ತಿದ್ದ ಮನೆಯವರೆಲ್ಲ ಈಗ ಅವನ ಪಕ್ಷ. ಸಿಗದ ವಸ್ತುವಿಗೆ ಮರ್ಯಾದೆ ಜಾಸ್ತಿ. "ನಮ್ಮನೆಯವರಿಗೆ ಒಂದೇ ಒಂದು ನಂಬರ್‌ನಲ್ಲಿ ಹೋಯ್ತು" ಎಂದು ಹೆಂಡತಿ ಬೀದಿಯಲ್ಲೆಲ್ಲ ಹೇಳಿಕೊಂಡಳು. ಭಾವಮೈದ ಸಂಜೆ ಕಾಲೇಜಿನ ಗೇಟಿನ ಬಳಿ ನಿಂತು, ಬಂದ ವಿದ್ಯಾರ್ಥಿಗಳನ್ನೆಲ್ಲ ಹೆದರಿಸುವ ಕೆಲಸ ಹಿಡಿದ. "ಕಾನೂನಾ? ನನ್ನ ಸ್ನೇಹಿತ ಒಬ್ಬ ಓದಿದ. ಈಗ ಗೋಡೆ ಜೊತೆ ವಾದ ಮಾಡ್ತಾನೆ. ಗೋಡೆನೇ ಗೆಲ್ಲುತ್ತೆ."

ಹೆದರಿದವರು ಎಲ್ಲಿಗೆ ಹೋಗಬೇಕು? ಎದುರಿಗೇ ಇರುವ ಗೌನಣ್ಣನ ಅಂಗಡಿಗೆ. ಅಂದಿನ ಸಭೆಯಲ್ಲಿ ಅಷ್ಟು ಚೆನ್ನಾಗಿ ಮಾತಾಡಿದವನಲ್ಲವೆ. ಭಾವಮೈದ ಗೇಟಿನಲ್ಲಿ ಬಿಚ್ಚಿದ್ದನ್ನು ಭಾವ ಅಂಗಡಿಯಲ್ಲಿ ಹೊಲಿದು ಕಳಿಸುತ್ತಿದ್ದ. ಬ್ಯಾಂಕಿನ ಕ್ಯಾಷಿಯರ್ ಬಿಡುತ್ತೇನೆಂದು ಬಂದ, ಚಹಾ ಕುಡಿದು ಕ್ಲಾಸಿಗೆ ಹೋದ. ಪೋಸ್ಟ್‌ಮ್ಯಾನ್ ಬಂದ, ಅವನೂ ಹೋದ.

"ನಿಮಗೆ ತಲೆ ನೆಟ್ಟಗಿದೆಯಾ ಭಾವ? ನಾನು ಓಡಿಸ್ತೀನಿ, ನೀವು ಕೂರಿಸ್ತೀರಿ!"

"ಬಾಯಿ ತಪ್ಪಿ ಬರುತ್ತೆ ಕಣೋ," ಎಂದ ಗೌನಣ್ಣ ತಪ್ಪಿತಸ್ಥನಂತೆ.

ಸಂಜೆ ಐದಾದರೆ ಅವನ ಕೈ ನಿಧಾನವಾಗುತ್ತಿತ್ತು. ರಸ್ತೆಯಾಚೆ ಎರಡನೆಯ ಮಹಡಿಯಲ್ಲಿ ದೀಪ ಹತ್ತುತ್ತಿತ್ತು. ಇಲ್ಲಿಂದ ಕಾಣುವುದು ಕಿಟಕಿಯ ಪಕ್ಕದ ಏಳು ತಲೆಗಳು ಮಾತ್ರ. ಯಾರು ಬರೆದುಕೊಳ್ಳುತ್ತಾರೆ, ಯಾರು ತೂಕಡಿಸುತ್ತಾರೆ, ಯಾರು ಗಡಿಯಾರ ನೋಡುತ್ತಾರೆ ಎಂದು ಅವನಿಗೆ ಬಾಯಿಪಾಠವಾಗಿತ್ತು. ತೂಕಡಿಸುವವರ ಮೇಲೆ ಅವನಿಗೆ ಎಲ್ಲಿಲ್ಲದ ಕೋಪ. ಸೂಜಿ ತೆಗೆದುಕೊಂಡು ಹೋಗಿ ಚುಚ್ಚಿ ಬರಲೇ ಅನ್ನಿಸುತ್ತಿತ್ತು.

ತಿಂಗಳ ಕೊನೆಯ ದಿನ, ನಾಲ್ಕೂ ಕಾಲಿಗೆ, ಕಂಡಕ್ಟರಮ್ಮ ಅಂಗಡಿಗೆ ಬಂದಳು. ಟಿಕೆಟ್ ಚೀಲದಿಂದ ಮಡಚಿದ ಕಾಗದ ತೆಗೆದು ಮಿಷನ್ನಿನ ಮೇಲಿಟ್ಟಳು.

"ಅಣ್ಣ, ನೀವು ಹೇಳಿದ್ರಿ ಅಂತ ಸೇರಿದೆ. ಬಿಡೋದೂ ನಿಮಗೆ ಹೇಳೇ ಬಿಡೋಣ ಅಂತ ಬಂದೆ. ಈಗ ಹೋಗಿ ಗುಮಾಸ್ತರಿಗೆ ಈ ಕಾಗದ ಕೊಡ್ತೀನಿ."

ಅಂಗಡಿಯ ಹಿಂದಿನ ಪರದೆ ಅಲುಗಿತು. ಅದರ ಆಚೆ ಅಡುಗೆ ಮನೆ, ಅಲ್ಲಿ ಹೆಂಡತಿ. ಪರದೆಯ ಸಂದಿಯಿಂದ ಒಂದು ಕೈ ಮಾತ್ರ ಹೊರಬಂದು, ಕಳಿಸಿ, ಕಳಿಸಿ, ಬೇಗ ಕಳಿಸಿ ಎಂದು ಬೀಸತೊಡಗಿತು.

ಗೌನಣ್ಣನ ಬಾಯಿಯಲ್ಲಿ ಗುಂಡುಸೂಜಿಗಳಿದ್ದವು. ಕಂಡಕ್ಟರಮ್ಮ ತಾನೇ ಮುಂದುವರಿಸಿದಳು. "ಎಂಟು ಗಂಟೆ ಬಸ್ಸಲ್ಲಿ ನಿಂತು ಬರ್ತೀನಿ. ಬೆಂಚು ಸಿಕ್ಕಿದ ತಕ್ಷಣ ಕಣ್ಣು ಎಳೆಯುತ್ತೆ. ಮೊನ್ನೆ ಪರೀಕ್ಷೇಲಿ ಇಪ್ಪತ್ತೈದಕ್ಕೆ ಮೂರು. ಡಿಪೋದಲ್ಲಿ ಎಲ್ಲ 'ಜಡ್ಜಮ್ಮ, ಬಸ್ಸಿಗೆ ಜಾಮೀನು ಕೊಡ್ತೀರಾ' ಅಂತಾರೆ. ಸಾಕಾಯ್ತು."

ಗೌನಣ್ಣ ಸೂಜಿಗಳನ್ನು ಬಾಯಿಯಿಂದ ತೆಗೆಯಲು ಶುರು ಮಾಡಿದ. ಒಂದು. ಎರಡು. ಮೂರು. ಅಷ್ಟು ನಿಧಾನವಾಗಿ ಯಾವ ದರ್ಜಿಯೂ ಸೂಜಿ ತೆಗೆದಿರಲಾರ. ಎದುರಿನ ಚಹಾದ ಅಂಗಡಿಯಲ್ಲಿ ಕೂತಿದ್ದ ಭಾವಮೈದ ಲೋಟ ಹಿಡಿದು ಎದ್ದು ನಿಂತಿದ್ದ. ಪರದೆಯ ಕೈ ಈಗ ಎರಡಾಗಿತ್ತು.

ಕೊನೆಯ ಸೂಜಿ ತೆಗೆದು ಕೇಳಿದ: "ಕೆಲಸಕ್ಕೆ ಸೇರಿದ ಮೊದಲನೇ ದಿನ ಎಷ್ಟು ಜನಕ್ಕೆ ಟಿಕೆಟ್ ಕೊಡೋದು ಮರೆತ್ರಿ?"

ಕಂಡಕ್ಟರಮ್ಮನಿಗೆ ನಗು ಬಂತು. "ಹನ್ನೊಂದು ಜನ. ಅವತ್ತೇ ತಪಾಸಣೆಯೋರು ಹತ್ತಿದ್ರು."

"ಅವತ್ತು ಚೀಲ ಬಿಸಾಕಲಿಲ್ವಾ?"

"ಬಿಸಾಕಿದೆ. ಡ್ರೈವರ್ ಎತ್ತಿ ಕೊಟ್ಟ. 'ನಾಳೆ ಹತ್ತು ಜನಕ್ಕೆ ಮರೀ, ನಾಳಿದ್ದು ಒಂಬತ್ತು' ಅಂದ."

ಗೌನಣ್ಣ ಮಿಷನ್ನಿನ ಮೇಲಿನ ಕಾಗದವನ್ನು ತೆಗೆದು, ಮಡಿಕೆ ಬಿಚ್ಚದೆ, ಅವಳ ಚೀಲದೊಳಗೆ ಇಟ್ಟ. "ಮುಂದಿನ ಪರೀಕ್ಷೇಲಿ ನಾಲ್ಕು ತಗೊಳ್ಳಿ," ಎಂದ. "ನಿದ್ದೆ ಬಂದ್ರೆ ನಿಂತ್ಕೊಂಡು ಕೇಳಿ. ನಿಂತು ಕೆಲಸ ಮಾಡಿ ಅಭ್ಯಾಸ ಇರೋರಿಗೆ ಬೆಂಚು ಆಗಲ್ಲ."

ಅವಳು ಚೀಲದ ಬಾಯಿ ಮುಚ್ಚಿದಳು. "ನಾನು ಬಿಟ್ಟಿದ್ರೆ ಆ ಸೀಟು ಏನಾಗ್ತಿತ್ತು ಅಣ್ಣ?"

"ಯಾರಿಗೋ ಒಬ್ಬರಿಗೆ ಹೋಗ್ತಿತ್ತು."

"ಅಯ್ಯೋ ಪಾಪ. ಅವರು ಕಾಯ್ತಾ ಇರ್ತಾರೇನೋ."

"ಕಾಯೋದು ಅವರಿಗೆ ಅಭ್ಯಾಸ ಇರುತ್ತೆ ಬಿಡಿ. ಹೊತ್ತಾಯ್ತು, ಹೋಗಿ."

ಅವಳು ರಸ್ತೆ ದಾಟಿದಳು. ಪರದೆಯ ಕೈಗಳೆರಡೂ ಒಳಗೆ ಹೋದವು. ಒಳಗೆ ಒಂದು ಪಾತ್ರೆ ಬಿತ್ತು, ಅದರ ಹಿಂದೆಯೇ ಅದರ ಮುಚ್ಚಳ. ಭಾವಮೈದ ಚಹಾದ ಲೋಟ ಹಿಡಿದುಕೊಂಡೇ ಬಂದು, ಬಾಗಿಲಲ್ಲಿ ನಿಂತು, ಹೇಳಬೇಕಾದದ್ದು ಬಹಳವಿದ್ದರಿಂದ ಏನೂ ಹೇಳದೆ ಹೋದ. ಐದಕ್ಕೆ ಗುಮಾಸ್ತ ಬೋರ್ಡಿನಿಂದ ಕಾಯುವವರ ಪಟ್ಟಿಯನ್ನು ಕಿತ್ತು, ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡದ್ದು ಅಂಗಡಿಯಿಂದ ಸ್ಪಷ್ಟವಾಗಿ ಕಂಡಿತು.

ಎರಡನೆಯ ಮಹಡಿಯಲ್ಲಿ ದೀಪ ಹತ್ತಿತು. ಕಿಟಕಿಯ ಪಕ್ಕ ಆರು ಜನ ಕೂತರು. ಏಳನೆಯವಳು ನಿಂತೇ ಇದ್ದಳು.

ಏಳೂವರೆಯೊಳಗೆ ಗೌನಣ್ಣ ಒಂದು ತೋಳನ್ನು ಎರಡು ಸಲ ತಪ್ಪಾಗಿ ಹೊಲಿದು ಎರಡು ಸಲ ಬಿಚ್ಚಿದ. ಅಂಗಡಿ ಮುಚ್ಚಲು ಏಳುವಾಗ ಕಂಡಕ್ಟರಮ್ಮ ಬಾಗಿಲಲ್ಲಿ ಪ್ರತ್ಯಕ್ಷಳಾದಳು. ಈ ಸಲ ಕೈಯಲ್ಲಿದ್ದದ್ದು ನೋಟ್ ಪುಸ್ತಕ.

"ಅಣ್ಣ, ಇವತ್ತು ಒಂದು ಚೂರೂ ತೂಕಡಿಸಲಿಲ್ಲ. ಆದ್ರೆ ಮನೆಗೆ ಹೋಗೋಷ್ಟರಲ್ಲಿ ಮರೆತುಬಿಡ್ತೀನಿ. ಯಾರಿಗಾದ್ರೂ ಒಂದು ಸಲ ಹೇಳಿದ್ರೇನೇ ನನ್ನ ತಲೇಲಿ ನಿಲ್ಲೋದು. ನನ್ನ ಬಸ್ಸು ಎಂಟೂ ಹತ್ತಕ್ಕೆ. ದಿನಾ ಒಂದರ್ಧ ಗಂಟೆ ನಿಮಗೆ ಹೇಳಿ ಹೋಗಲಾ? ನಿಮಗೆ ಬೇಜಾರಾಗುತ್ತಾ?"

"ಬೇಜಾರೇನು," ಎಂದ ಗೌನಣ್ಣ ಆದಷ್ಟು ಉದಾಸೀನದಿಂದ. "ಹೇಗೂ ಕೂತಿರ್ತೀನಿ. ಹೇಳಿ. ಹೊಲೀತಾ ಕೇಳ್ತೀನಿ."

ಪರದೆ ಸರಿಯಿತು. ನಾಲ್ಕೂ ಕಾಲಿನಿಂದ ಮುಖ ತೋರಿಸದಿದ್ದ ಹೆಂಡತಿ ಒಂದು ಕುರ್ಚಿ ಎಳೆದು ತಂದು, ಕಂಡಕ್ಟರಮ್ಮನಿಗೆ ಹಾಕಿ, ತಾನು ಬಟ್ಟೆಯ ಗಂಟಿನ ಮೇಲೆ ಕೂತಳು. "ಜೋರಾಗಿ ಹೇಳಮ್ಮ," ಎಂದಳು. "ಬಸ್ಸಲ್ಲಿ ಹೇಳ್ತೀಯಲ್ಲ, ಹಾಗೆ."

ಕಂಡಕ್ಟರಮ್ಮ ಪುಸ್ತಕ ಬಿಡಿಸಿ, ಗಂಟಲು ಸರಿಮಾಡಿಕೊಂಡು, ಮೊದಲನೆಯ ವಾಕ್ಯ ಓದಿದಳು.

"ಸ್ವಲ್ಪ ತಾಳಿ," ಎಂದ ಗೌನಣ್ಣ.

ಮಿಷನ್ನಿನ ಮೇಲಿದ್ದ ಕರಿ ಬಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಗಿರಾಕಿಗಳ ಅಳತೆ ಬರೆಯುವ ಪುಸ್ತಕವನ್ನು ಹಿಂದಿನ ಕಡೆಯಿಂದ ತಿರುವಿ, ಖಾಲಿ ಹಾಳೆಯೊಂದನ್ನು ಅಂಗೈಯಿಂದ ಸವರಿ ನೇರ ಮಾಡಿದ. ಮೇಲೆ ಬಲಗಡೆ ತಾರೀಖು ಹಾಕಿದ.

"ಹೂಂ," ಎಂದ. "ಈಗ ಮೊದಲಿಂದ ಹೇಳಿ."